ಮಾಗಡಿ ಕೆರೆಯ ಹೆಬ್ಬಾತುಗಳನ್ನು ಎಬ್ಬಿಸದೆ ಮಕ್ಕಳಿಗೆ ತೋರಿಸುವುದು ಹೇಗೆ?

ವಿಜ್ಞಾನದ ಟೀಚರ್, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಶಾಲೆಯ ಹಿಂದಿನ ಹೊಂಡದಲ್ಲಿ ಒಂದು ಮಳೆಗಾಲ ಗುಳುಮುಳುಕನ ಜೋಡಿ ಮರಿ ಮಾಡಿತ್ತು. ತಾಯಿಯ ಬೆನ್ನೇರಿ ಕೂತ ಪಟ್ಟೆಪಟ್ಟೆ ಮರಿಗಳನ್ನು ಕಿಟಕಿಯಿಂದ ನೋಡಿದ ದಿನದಿಂದ ನನಗೂ ಮಕ್ಕಳಿಗೂ ಹಕ್ಕಿಗಳ ಹುಚ್ಚು ಹಿಡಿದಿದೆ. ಕಲಿತದ್ದು ಇನ್ನೂ ಸ್ವಲ್ಪವೇ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹೋದ ವರ್ಷ ಜನವರಿಯಲ್ಲಿ ಎಂಟನೇ ತರಗತಿಯ 24 ಮಕ್ಕಳನ್ನು ಟೆಂಪೋ ಮಾಡಿಕೊಂಡು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಕರೆದೊಯ್ದಿದ್ದೆ, ಪಟ್ಟೆತಲೆ ಹೆಬ್ಬಾತು ತೋರಿಸಲು. ಇಡೀ ವಾರ ತರಗತಿಯಲ್ಲಿ ಅದೇ ಮಾತು. ಮಂಗೋಲಿಯಾ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಹಿಮಾಲಯ ದಾಟಿ ನಮ್ಮ ಗದಗ ಸೀಮೆಗೆ ಬರುತ್ತವೆ ಅಂತ ಭೂಪಟದ ಮೇಲೆ ಬೆರಳಿಟ್ಟು ತೋರಿಸಿದ್ದೆ. ರಾತ್ರಿ ಹೊಲದಲ್ಲಿ ಮೇಯ್ದು ಹಗಲು ಕೆರೆಯಲ್ಲಿ ವಿಶ್ರಾಂತಿ ಪಡೆಯುತ್ತವೆ ಅಂತಲೂ ಹೇಳಿದ್ದೆ.

ನಾವು ತಲುಪಿದಾಗ ಹತ್ತೂವರೆ. ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಹೆಬ್ಬಾತುಗಳೇನೋ ಇದ್ದವು, ಆದರೆ ಆಚೆ ದಂಡೆಯಲ್ಲಿ, ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿಕೊಂಡು. ಬರಿಗಣ್ಣಿಗೆ ಬೂದು ಕಲ್ಲು ಸಾಲಾಗಿ ಇಟ್ಟ ಹಾಗೆ. ಇದ್ದದ್ದು ಒಂದೇ ಬೈನಾಕ್ಯುಲರ್. ಒಬ್ಬೊಬ್ಬರಿಗೆ ಒಂದು ನಿಮಿಷ ಅಂದರೂ ಕೊನೆಯವರ ಸರದಿ ಬರುವಷ್ಟರಲ್ಲಿ ಮೊದಲಿನವರು ಚಿಪ್ಸ್ ಪೊಟ್ಟಣ ಬಿಚ್ಚಿದ್ದರು.

ಅಷ್ಟರಲ್ಲಿ ಎರಡು ಕಾರಿನಲ್ಲಿ ಯಾರೋ ಬಂದರು. ಚಪ್ಪಾಳೆ ಹೊಡೆದರು, ಸಿಳ್ಳೆ ಹಾಕಿದರು. ಹಕ್ಕಿಗಳು ಏಳಲಿಲ್ಲ. ಆಮೇಲೆ ಒಬ್ಬರು ದಂಡೆಯುದ್ದಕ್ಕೂ ಓಡಿ ನೀರಿಗೆ ಕಲ್ಲು ಬೀಸಿದರು. ಒಂದೇ ಸಲಕ್ಕೆ ಇಡೀ ಕೆರೆ ಎದ್ದು ಹಾರಿದ ಹಾಗಾಯಿತು. ರೆಕ್ಕೆಗಳ ಸದ್ದು ಎದೆಗೆ ತಾಗುತ್ತಿತ್ತು. ಮಕ್ಕಳು ಹೋ ಎಂದು ಕೂಗಿದರು. ನಾನೂ ಬಾಯಿ ತೆರೆದು ನೋಡುತ್ತಾ ನಿಂತಿದ್ದೆ, ಸುಳ್ಳು ಹೇಳುವುದಿಲ್ಲ. ಹಕ್ಕಿಗಳು ಸುತ್ತಿದವು, ಇಳಿಯಲು ಬಂದು ಮತ್ತೆ ಮೇಲಕ್ಕೆ ಹೋದವು. ಎಲ್ಲವೂ ಇಳಿದು ತಣ್ಣಗಾಗಲು ಕಾಲು ಗಂಟೆಯ ಮೇಲೇ ಹಿಡಿಯಿತು.

ವಾಪಸು ಬರುವಾಗ ಟೆಂಪೋದ ಹಿಂದಿನ ಸೀಟಿನಿಂದ ಒಬ್ಬ ಹುಡುಗಿ ಕೇಳಿದಳು: "ಟೀಚರ್, ಅವು ರಾತ್ರಿಯೆಲ್ಲ ಮೇಯಾಕ ಹೋಗಿರ್ತಾವ ಅಂತ ನೀವೇ ಹೇಳಿದ್ರಿ. ಹಂಗಾದ್ರ ಅವಕ್ಕ ಅದು ನಡುರಾತ್ರಿ ಅಲ್ಲೇನ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ವರ್ಷ ಆ ಪ್ರಶ್ನೆ ನನ್ನ ಜೊತೆಗೇ ಇದೆ.

ಈ ಜನವರಿಯಲ್ಲಿ ಮತ್ತೆ ಹೋಗುತ್ತಿದ್ದೇವೆ. ಹುಡುಗಿಯೂ ಬರುತ್ತಾಳೆ, ಈಗ ಒಂಬತ್ತನೇ ತರಗತಿ. ಒಂದು ಹಕ್ಕಿಯನ್ನೂ ಎಬ್ಬಿಸದೆ ಮಕ್ಕಳ ಕಣ್ಣು ತುಂಬುವ ಹಾಗೆ ತೋರಿಸಲು ಸಾಧ್ಯವೇ? ಎಷ್ಟು ಹೊತ್ತಿಗೆ ಹೋಗಬೇಕು, ಎಷ್ಟು ಹತ್ತಿರ ಹೋಗಬಹುದು? ನಮ್ಮದು 10×50 ಬೈನಾಕ್ಯುಲರ್ (ಹತ್ತು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 50 ಮಿ.ಮೀ. ಅಗಲದ್ದು). ಸುಮ್ಮನೆ ಕೂರಿಸಿದರೆ ಈ ವಯಸ್ಸಿನವರು ಐದು ನಿಮಿಷಕ್ಕೆ ಬೇಸರಪಡುತ್ತಾರೆ, ಅವರ ಕೈಗೆ ಏನು ಕೆಲಸ ಕೊಡಲಿ? ಆ ಊರಿನ ಕಡೆಯವರು ಇಲ್ಲಿದ್ದರೆ, ನಮ್ಮಂಥವರು ಗುಂಪಾಗಿ ಬರುವುದರಿಂದ ನಿಮಗೇನಾದರೂ ತೊಂದರೆ ಇದೆಯಾ, ಅದನ್ನೂ ಹೇಳಿ.

ನಾಮದಕೋಳಿ, ಧಾರವಾಡ

ಟೀಚರ್, ಆ ಹುಡುಗಿ ಕೇಳಿದ್ದು ಸರಿಯಾಗಿಯೇ ಇದೆ. ಅವು ನಿದ್ದೆಯಲ್ಲಿದ್ದವು.

ಹೆಬ್ಬಾತು ಹಾರುವುದನ್ನು ನೋಡಲು ಅದನ್ನು ಎಬ್ಬಿಸಬೇಕಾಗಿಲ್ಲ. ತಾನಾಗಿಯೇ ದಿನಕ್ಕೆರಡು ಸಲ ಹಾರುತ್ತದೆ. ಮುಸ್ಸಂಜೆಗೆ ಕೆರೆ ಬಿಟ್ಟು ಹೊಲಗಳ ಕಡೆಗೆ, ಬೆಳಗಿನ ಜಾವದಿಂದ ಮತ್ತೆ ಕೆರೆಗೆ. ಜನವರಿಯಲ್ಲಿ ಆ ಕಡೆ ಸೂರ್ಯ ಹುಟ್ಟುವುದು ಹತ್ತಿರ ಹತ್ತಿರ ಏಳಕ್ಕೆ. ನೀವು ಆರೂಕಾಲಿಗೆ ಅಲ್ಲಿರಿ. ಮೊದಲು ಕಾಣುವುದಿಲ್ಲ, ಕೇಳುತ್ತದೆ. ದೂರದಿಂದ ಆಂಗ್, ಆಂಗ್ ಎಂದು ಮೂಗಿನಲ್ಲಿ ಕೂಗಿದಂಥ ದನಿ. ಆಮೇಲೆ ಸಾಲು ಕಾಣಿಸುತ್ತದೆ. ನೀರಿನ ಮೇಲೆ ಬಂದಾಗ ಕೆಲವು ರೆಕ್ಕೆಯನ್ನು ಓರೆ ಮಾಡಿ ಒಣಗಿದೆಲೆ ಬಿದ್ದ ಹಾಗೆ ಹೊರಳಿ ಹೊರಳಿ ಇಳಿಯುತ್ತವೆ. ಅದನ್ನೊಮ್ಮೆ ನೋಡಿದ ಮಕ್ಕಳು ಕಲ್ಲೆಸೆದು ಎಬ್ಬಿಸಿದ್ದನ್ನು ಮರೆತೇಬಿಡುತ್ತಾರೆ.

ಎಷ್ಟು ಹತ್ತಿರ ಅನ್ನುವುದಕ್ಕೆ ಮೀಟರ್ ಲೆಕ್ಕ ಬೇಡ. ಹಕ್ಕಿಯ ಕತ್ತು ನೋಡಿ. ಆರಾಮಾಗಿರುವ ಹೆಬ್ಬಾತಿನ ಕತ್ತು ಬಾಗಿರುತ್ತದೆ, ಇಲ್ಲವೇ ಗರಿಯೊಳಗೆ ಹೋಗಿರುತ್ತದೆ. ನಿಮ್ಮನ್ನು ಗಮನಿಸಿದ ತಕ್ಷಣ ಅಂಚಿನಲ್ಲಿರುವ ಒಂದು ಹಕ್ಕಿ ಕತ್ತನ್ನು ಕೋಲಿನ ಹಾಗೆ ನೆಟ್ಟಗೆ ಮಾಡುತ್ತದೆ. ಅಲ್ಲೇ ನಿಲ್ಲಬೇಕು. ನಿಂತರೆ ಒಂದೆರಡು ನಿಮಿಷದಲ್ಲಿ ಕತ್ತು ಬಗ್ಗುತ್ತದೆ. ನಿಲ್ಲದಿದ್ದರೆ ಪಕ್ಕದ್ದರ ಕತ್ತು, ಅದರ ಪಕ್ಕದ್ದು, ಆಮೇಲೆ ದಂಡೆಯಲ್ಲಿರುವವು ನೀರಿನ ಕಡೆಗೆ ಹೆಜ್ಜೆ ಹಾಕುತ್ತವೆ, ಕೂಗು ಜೋರಾಗುತ್ತದೆ. ಅಷ್ಟಾದ ಮೇಲೆ ನೀವು ಹಿಂದೆ ಸರಿದರೂ ತಡವಾಗಿರುತ್ತದೆ. ಇದನ್ನು ಹೊರಡುವ ಮೊದಲೇ ಮಕ್ಕಳಿಗೆ ಕಲಿಸಿ. ಇಬ್ಬರನ್ನು ಬರೀ ಕತ್ತು ಕಾಯುವುದಕ್ಕೇ ನೇಮಿಸಿ, ಅವರು ಕೈ ಎತ್ತಿದರೆ ಎಲ್ಲರೂ ನಿಲ್ಲಬೇಕು.

ಮಕ್ಕಳ ಕೈಗೆ ಕೆಲಸ ಕೇಳಿದಿರಿ. ನನಗೆ ತುಂಬ ಇಷ್ಟವಾದ ಕೆಲಸವೊಂದಿದೆ: ಮರಿ ಹುಡುಕುವುದು. ದೊಡ್ಡ ಹೆಬ್ಬಾತಿನ ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟಿ ಇರುತ್ತವಲ್ಲ, ಅದೇ ವರ್ಷ ಹುಟ್ಟಿದ್ದಕ್ಕೆ ಆ ಪಟ್ಟಿಗಳು ಇರುವುದಿಲ್ಲ. ನೆತ್ತಿಯಿಂದ ಕತ್ತಿನ ಹಿಂಭಾಗದವರೆಗೆ ಮಾಸಲು ಕಂದು ಬಣ್ಣ, ಟೋಪಿ ಹಾಕಿದ ಹಾಗೆ. ಮೊದಲ ಚಳಿಗಾಲ ಮರಿಗಳು ಅಪ್ಪ ಅಮ್ಮನ ಜೊತೆಗೇ ಇರುತ್ತವೆ. ಪಟ್ಟೆಯ ಎರಡು, ಟೋಪಿಯ ಮೂರು ಒಟ್ಟಿಗೆ ಕಂಡರೆ ಅದೊಂದು ಸಂಸಾರ. ಆ ಮರಿಗಳಿಗೆ ಇದು ಮೊದಲ ಪ್ರಯಾಣ, ದಾರಿ ತೋರಿಸಿದ್ದು ದೊಡ್ಡವು. ಒಟ್ಟು ಎಷ್ಟು ಹಕ್ಕಿ ಎನ್ನುವುದಕ್ಕಿಂತ ಎಷ್ಟು ಸಂಸಾರ, ಸಂಸಾರಕ್ಕೆ ಎಷ್ಟು ಮರಿ ಅಂತ ಬರೆಸಿ. ಬೇಸರ ಅನ್ನುವ ಮಾತೇ ಬರುವುದಿಲ್ಲ.

ಎಣಿಕೆ ಕಲಿಸಬೇಕೆಂದರೆ ಶಾಲೆಯಲ್ಲೇ ಶುರು ಮಾಡಿ. ಒಂದು ಹಿಡಿ ಜೋಳವನ್ನು ಕರಿ ಬಟ್ಟೆಯ ಮೇಲೆ ಚೆಲ್ಲಿ, ಐದು ಸೆಕೆಂಡಿನಲ್ಲಿ ಅಂದಾಜು ಹೇಳಿಸಿ, ಆಮೇಲೆ ಎಣಿಸಿ. ಮೊದಮೊದಲು ಎಲ್ಲರೂ ಕಡಿಮೆ ಹೇಳುತ್ತಾರೆ. ಹತ್ತು ಕಾಳು ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಿಗೆ ರೂಢಿಯಾದರೆ ಆ ಹತ್ತನ್ನೇ ಅಳತೆ ಮಾಡಿಕೊಂಡು ಇಡೀ ಬಟ್ಟೆ ಅಳೆಯಬಹುದು. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿಗೆ ಹೋದಾಗ ನಾವು ಮಾಡುವುದೂ ಅದನ್ನೇ, ಕಾಳಿನ ಬದಲು ಹಕ್ಕಿ ಅಷ್ಟೆ.

ಬೈನಾಕ್ಯುಲರ್ ಬಗ್ಗೆ: 10×50 ಮಕ್ಕಳ ಕೈಗೆ ಭಾರ, ನಡುಗುತ್ತದೆ, ನಡುಗಿದರೆ ಏನೂ ಕಾಣುವುದಿಲ್ಲ. ಸ್ಕೂಲ್ ಬ್ಯಾಗಿನ ಮೇಲೋ ಕಲ್ಲಿನ ಮೇಲೋ ಒತ್ತುಕೊಟ್ಟು ನೋಡಿಸಿ. 8×42 ಒಂದೆರಡು ಎರವಲು ಸಿಕ್ಕರೆ ಒಳ್ಳೆಯದು. ಬಿಸಿಲು ಬೆನ್ನಿಗೆ ಬೀಳುವ ಹಾಗೆ ಕೂತುಕೊಳ್ಳಿ, ಹೋದ ಸಲ ನಿಮಗೆ ಕಲ್ಲಿನ ಸಾಲು ಕಂಡದ್ದಕ್ಕೆ ದೂರಕ್ಕಿಂತ ಬೆಳಕೇ ಹೆಚ್ಚು ಕಾರಣ ಇರಬೇಕು.

ಕೊರಳಲ್ಲಿ ಹಸಿರು ಪಟ್ಟಿ ಇರುವ ಹಕ್ಕಿ ಕಂಡರೆ ಅದರ ಮೇಲಿನ ಬಿಳಿ ಅಕ್ಷರ ಬರೆದುಕೊಳ್ಳಿ. ಮಂಗೋಲಿಯಾದಲ್ಲಿ ಸಂಶೋಧಕರು ತೊಡಿಸಿದ ಪಟ್ಟಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಓದಲಾಗಲಿಲ್ಲ ಅಂತ ಹತ್ತಿರ ಹೋಗಬೇಡಿ, ನಾಳೆ ಇನ್ನೊಬ್ಬರು ಓದುತ್ತಾರೆ.

ಎರಿಹೊಲ, ಲಕ್ಷ್ಮೇಶ್ವರ ಕಡೆಯಿಂದ

ಟೀಚರ್ರ, ನಮಸ್ಕಾರ್ರಿ. ನೀವು ಊರಿನವರಿಗೆ ತೊಂದರಿ ಐತೇನು ಅಂತ ಕೇಳೀರಿ. ಹಿಂಗ ಕೇಳಿದವರನ್ನ ನಾ ಇವತ್ತ ಮೊದಲ ಸಲ ನೋಡಿದ್ದು, ಅದಕ್ಕ ಬರಿಯಾಕತ್ತೀನಿ.

ನಮ್ಮದು ನಾಕ ಎಕರೆ ಎರಿ ಹೊಲ. ಹಿಂಗಾರಿಗೆ ಕಡ್ಲಿ ಹಾಕ್ತೀವಿ. ಈ ಹಕ್ಕಿ ಬರೂದು ನವೆಂಬರ್ ಸುಮಾರಿಗೆ, ಹೋಗೂದು ಫೆಬ್ರುವರಿ ಮಾರ್ಚ್‌ಗೆ. ನಮ್ಮ ಕಡ್ಲಿ ಎಳೀ ಇರೂದು ಅದ ಟೈಮಿಗೆ. ಕತ್ತಲಾದ ಮ್ಯಾಲೆ ಹೊಲಕ್ಕ ಇಳೀತಾವ. ಮುಂಜಾನಿ ಹೋಗಿ ನೋಡಿದ್ರ ಹಸಿ ಮಣ್ಣಾಗ ಮೂರು ಬೆರಳು, ನಡುವ ಚರ್ಮ ಇದ್ದ ಕಾಲಿನ ಗುರುತು. ಕಡ್ಲಿ ಕುಡಿ ಕತ್ತರಿಲೆ ಕತ್ತರಿಸಿದಂಗ ಆಗಿರತೈತಿ, ಬುಡ ಕಿತ್ತಿರೂದಿಲ್ಲ. ಸಾಲಿನ ತುಂಬ ಹಸರ ಹಿಕ್ಕಿ. ಅದು ಗೊಬ್ಬರ ಅಂತಾರ, ಖರೇನ, ಗೊಬ್ಬರ ಆಗತೈತಿ. ಆದ್ರ ಕುಡಿ ಹೋಗಿದ್ದೂ ಖರೇ. ಎರಡೂ ಹೇಳಬೇಕಲ್ರಿ.

ನಮ್ಮಪ್ಪ ಇದ್ದಾಗ ರಾತ್ರಿ ಡಬ್ಬಿ ಬಡದು ಓಡಸ್ತಿದ್ದ. ನಾನೂ ಒಂದ ವರ್ಷ ಪಟಾಕಿ ತಂದಿದ್ದೆ. ಅವತ್ತ ಬ್ಯಾಟರಿ ಹಾಕಿ ನೋಡಿದ್ರ ಎರಡ ದೊಡ್ಡವು, ನಡುವ ಒಂದ ಸಣ್ಣದು. ಬೆಳಕು ಬಿದ್ದ ಕೂಡ್ಲೆ ದೊಡ್ಡವು ಎರಡೂ ಸಣ್ಣದರ ಮುಂದ ಬಂದು ನಿಂತವು. ಹಾರಿ ಹೋಗಲಿಲ್ಲ. ನಾ ಪಟಾಕಿ ಹಚ್ಚಲಿಲ್ಲ. ಈಗ ಬದುವಿನ ಕಡೆ ಎರಡ ಸಾಲು ಅವಕ್ಕ ಅಂತ ಬಿಟ್ಟಂಗ ಆಗೇತಿ, ನಮ್ಮವ್ವ "ಅಷ್ಟ ದೂರದಿಂದ ಬಂದಾವ, ತಿನ್ನಲಿ ಬಿಡು" ಅಂತಾಳ. ಎಲ್ಲಾರೂ ಹಿಂಗ ಬಿಡಬೇಕು ಅಂತ ನಾ ಅನ್ನೂದಿಲ್ರಿ. ಒಂದ ಎಕರೆ ಇದ್ದವನಿಗೆ ಎರಡ ಸಾಲೂ ದೊಡ್ಡದ.

ನಮಗ ತೊಂದರಿ ಆಗೂದು ಎಲ್ಲಿ ಅಂದ್ರ, ಹಗಲಿ ಬಂದವರು ಕೆರಿಯಾಗಿನ ಹಕ್ಕಿ ಎಬ್ಬಸ್ತಾರಲ್ಲ, ಅಲ್ಲಿ. ಎದ್ದ ಹಕ್ಕಿ ಎಲ್ಲಾ ತಿರುಗಿ ಕೆರಿಗೇ ಇಳೀತಾವ ಅನಕೋಬ್ಯಾಡ್ರಿ. ಒಂದಿಷ್ಟು ಬಾಜೂ ಹೊಲಕ್ಕ ಇಳೀತಾವ. ರಾತ್ರಿ ಮೇದದ್ದಲ್ದ ಹಗಲೂ ಮೇಯ್ತಾವ. ಅವರು ಫೋಟೋ ತಗೊಂಡು ಹೋಗಿರ್ತಾರ, ಹೊಲದವರು ಹಕ್ಕಿಗೆ ಬೈತಾರ. ಹಕ್ಕಿದೇನು ತಪ್ಪು ಐತಿ ಇದರಾಗ?

ಮತ್ತೊಂದು, ಗಾಡಿ ಬದುವಿನ ಮ್ಯಾಲೆ ಹತ್ತಿಸಬ್ಯಾಡ್ರಿ. ಬದು ಒಡದ್ರ ಮಳಿಗಾಲದಾಗ ಮಣ್ಣು ಹೋಗತೈತಿ. ರಸ್ತೆ ಮ್ಯಾಲೆ ನಿಲ್ಲಿಸಿ ನಡಕೊಂತ ಬರ್ರಿ.

ಹೊರಡೂ ಮೊದಲ ಕೆರಿಯಾಗ ನೀರ ಎಷ್ಟೈತಿ ಅಂತ ಯಾರಿಗರ ಕೇಳ್ರಿ. ಇದು ಮಳಿ ನೀರಿನ ಕೆರಿ. ಮಳಿ ಕೈಕೊಟ್ಟ ವರ್ಷ ತಳ ಕಾಣತೈತಿ, ಹಕ್ಕೀನೂ ಕಮ್ಮಿ ಇರ್ತಾವ. ಅಷ್ಟ ಮಕ್ಕಳನ್ನ ಕಟ್ಟಿಕೊಂಡು ಬಂದು ಖಾಲಿ ಕೆರಿ ನೋಡೂದಾಗಬಾರ್ದು.

ಉದ್ದಲೆನ್ಸ್, ಹುಬ್ಬಳ್ಳಿ

ಹಾಗೆ ಎಬ್ಬಿಸಿದವರಲ್ಲಿ ಒಂದು ಕಾಲಕ್ಕೆ ನಾನೂ ಒಬ್ಬ. ಬೇರೆ ಕೆರೆ, ಬೇರೆ ವರ್ಷ. ಗೆಳೆಯ ಆಚೆ ದಂಡೆಯಿಂದ ಬೈಕ್ ಓಡಿಸಿದ, ನಾನು ಈಚೆಯಿಂದ ಚಿತ್ರ ತೆಗೆದೆ. ಆ ಚಿತ್ರಕ್ಕೆ ಎಲ್ಲರೂ ಮೆಚ್ಚುಗೆ ಹೇಳಿದ್ದರು. ದೊಡ್ಡದು ಮಾಡಿ ಮನೆಯಲ್ಲಿ ತೂಗುಹಾಕಿದ ಮೇಲೆ ಸರಿಯಾಗಿ ನೋಡಿದೆ. ಒಂದು ಹಕ್ಕಿಯೂ ಸಾಲಿನಲ್ಲಿರಲಿಲ್ಲ. ದಿಕ್ಕಿಗೊಂದು ಮುಖ, ರೆಕ್ಕೆಗೆ ರೆಕ್ಕೆ ತಾಗುವ ಹಾಗೆ. ತಾವಾಗಿ ಹೊರಟ ಹೆಬ್ಬಾತು ಹಾಗೆ ಹಾರುವುದಿಲ್ಲ. ಗೊತ್ತಿದ್ದವರಿಗೆ ಆ ಚಿತ್ರದಲ್ಲಿ ಬೈಕೂ ಕಾಣುತ್ತದೆ.

ಚಿತ್ರ ಇಳಿಸಿಬಿಟ್ಟೆ. ಟೀಚರ್, ಸಂಜೆಯೂ ಉಳಿಯಲು ಆದರೆ ಉಳಿಯಿರಿ. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ, ಗುಂಪು ಗುಂಪಾಗಿ ಏಳುತ್ತವೆ. ಒಂದು ಗುಂಪು ಏಳುವ ಮೊದಲು ತಲೆ ಅಲ್ಲಾಡಿಸುತ್ತಾ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಹೊರಡೋಣವಾ ಅಂತ ಕೇಳಿದ ಹಾಗೆ.

ನಾಮದಕೋಳಿ, ಧಾರವಾಡ

ಎರಿಹೊಲ ಅವರೇ, ನಿಮ್ಮ ಮಾತು ನಮ್ಮ ಗಣತಿಯ ಗುಂಪಿಗೆ ಓದಿ ಹೇಳಿದೆ. 2024ರ ಜನವರಿ 31ರಂದು ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಮಾಗಡಿ ಕೆರೆಯನ್ನೂ ರಾಮ್ಸಾರ್ ಪಟ್ಟಿಗೆ, ಅಂದರೆ ಜಾಗತಿಕ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿಸಿದ ಸುದ್ದಿ ಬಂದಾಗ ನಾವೆಲ್ಲ ಸಂಭ್ರಮಪಟ್ಟೆವು. ಅದಕ್ಕೂ ಮೊದಲು ನಮ್ಮ ರಾಜ್ಯದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ. ಸುಮಾರು 54 ಹೆಕ್ಟೇರಿನ ಸಣ್ಣ ಕೆರೆ, ಚಳಿಗಾಲದಲ್ಲಿ ಸುಮಾರು ಎಂಟು ಸಾವಿರ ಹೆಬ್ಬಾತು. ಆದರೆ ಆ ಎಂಟು ಸಾವಿರ ಹಕ್ಕಿಯ ಊಟ ಆ 54 ಹೆಕ್ಟೇರಿನ ಒಳಗಿಲ್ಲ, ಸುತ್ತಲಿನ ಹೊಲಗಳಲ್ಲಿದೆ. ಕೆರೆಗೆ ಸಿಕ್ಕ ಗೌರವದಲ್ಲಿ ನಿಮ್ಮ ಕಡ್ಲಿ ಸಾಲಿಗೂ ಪಾಲಿದೆ ಎಂದು ನಾವು ಎಲ್ಲಿಯೂ ಬರೆದಿರಲಿಲ್ಲ. ಈ ಸಲದ ವರದಿಯಲ್ಲಿ ಬರೆಯುತ್ತೇವೆ.

ದನದ ಡಾಕ್ಟರ್

ಚಿಕ್ಕದೊಂದು ಮಾತು, ಮಕ್ಕಳ ವಿಷಯ ಅಂತ. ಸತ್ತ ಅಥವಾ ಜಡವಾಗಿ ಕೂತ ಹಕ್ಕಿ ಕಂಡರೆ ಮುಟ್ಟಬಾರದು, ಅರಣ್ಯ ಇಲಾಖೆಗೋ ಪಶುವೈದ್ಯ ಆಸ್ಪತ್ರೆಗೋ ತಿಳಿಸಬೇಕು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರದಿಂದ ಸಾವಿರಾರು ಕಾಡುಹಕ್ಕಿಗಳು ಸತ್ತಾಗ ಅವುಗಳಲ್ಲಿ ಹೆಚ್ಚಿನವು ಇದೇ ಪಟ್ಟೆತಲೆ ಹೆಬ್ಬಾತುಗಳು. ಹೆದರಬೇಕಾಗಿಲ್ಲ, ದೂರದಿಂದ ನೋಡಿದರೆ ಏನೂ ಆಗುವುದಿಲ್ಲ. ಹಿಕ್ಕೆ ತುಳಿದ ಚಪ್ಪಲಿ ಹೊರಗೆ ತೊಳೆದು, ಕೈಗೆ ಸೋಪು ಹಾಕಿ, ಆಮೇಲೆ ಬುತ್ತಿ ಬಿಚ್ಚಿಸಿ.

ವಿಜ್ಞಾನದ ಟೀಚರ್, ಹಾವೇರಿ ಜಿಲ್ಲೆ

ಹೋಗಿ ಬಂದೆವು. ಮೊನ್ನೆ ಶನಿವಾರ. ನಸುಕಿನ ನಾಲ್ಕೂವರೆಗೆ ಹೊರಟೆವು, ಪಾಲಕರನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಗಿತ್ತು. ಒಬ್ಬ ಅಜ್ಜಿ ಎಲ್ಲರಿಗೂ ಸಾಲುವಷ್ಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದ್ದರು. ಟೆಂಪೋ ರಸ್ತೆಯಲ್ಲೇ ನಿಲ್ಲಿಸಿದೆವು.

ಕತ್ತಲಿನಲ್ಲಿ ಶಾಲು ಹೊದ್ದು ಸಾಲಾಗಿ ಕೂತೆವು. ಮಂಜು ನೀರಿನ ಮೇಲೆ ಮೊಣಕಾಲೆತ್ತರ ನಿಂತಿತ್ತು. ಮೊದಲು ಹತ್ತಿರದಲ್ಲೆಲ್ಲೋ ಟಿಟ್ಟಿಭ ಕೂಗಿತು. ಆಮೇಲೆ ನಾಮದಕೋಳಿ ಅವರು ಹೇಳಿದ ಆ ದನಿ. ಯಾವ ದಿಕ್ಕಿನಿಂದ ಅಂತ ತಿಳಿಯಲಿಲ್ಲ, ಎಲ್ಲ ತಲೆಗಳೂ ಮೇಲಕ್ಕೆ ತಿರುಗಿದವು. ಮಾತಾಡಬೇಡಿ ಅಂತ ನಾನು ಹೇಳಬೇಕಾಗಲಿಲ್ಲ. ಮೊದಲ ಸಾಲು ನಮ್ಮ ತಲೆಯ ಮೇಲೆಯೇ ಹಾದುಹೋಯಿತು, ಎಷ್ಟು ಕೆಳಗೆ ಅಂದರೆ ಪ್ರತಿ ರೆಕ್ಕೆಯ ಸದ್ದೂ ಬೇರೆ ಬೇರೆ ಕೇಳುತ್ತಿತ್ತು. ಒಣಗಿದೆಲೆಯ ಹಾಗೆ ಇಳಿದದ್ದನ್ನೂ ನೋಡಿದೆವು.

ಬೆಳಕಾದ ಮೇಲೆ ಸಂಸಾರ ಎಣಿಸಿದೆವು. ಮರಿಯ ಟೋಪಿಯನ್ನು ಮೊದಲು ಗುರುತಿಸಿದ್ದು ತರಗತಿಯಲ್ಲಿ ಬಾಯೇ ಬಿಡದ ಹುಡುಗ. ಆಮೇಲೆ ಅವನ ಬಾಯಿ ನಿಲ್ಲಲೇ ಇಲ್ಲ, ಪಿಸುಮಾತಿನಲ್ಲೇ. ನಮಗೆ ಹೊಂದಿಸಿ ನೋಡಲು ಸಿಕ್ಕದ್ದು ಒಂಬತ್ತು ಸಂಸಾರ, ಹದಿನೇಳು ಮರಿ. ಒಂದು ಜೋಡಿಯ ಜೊತೆ ನಾಲ್ಕಿದ್ದವು. ಕೊರಳಪಟ್ಟಿ ಒಂದೂ ಸಿಗಲಿಲ್ಲ.

ಆ ಹುಡುಗಿಯನ್ನು ಕತ್ತು ಕಾಯಲು ಹಾಕಿದ್ದೆ. ಎಂಟು ಗಂಟೆ ಸುಮಾರಿಗೆ ನಾವು ಇನ್ನೊಂದಿಷ್ಟು ಮುಂದೆ ಹೋಗೋಣ ಎಂದು ಎದ್ದು ಹತ್ತು ಹೆಜ್ಜೆ ಇಟ್ಟಿರಬೇಕು, ಅವಳ ಕೈ ಮೇಲೆದ್ದಿತು. ಅಂಚಿನ ಹಕ್ಕಿಯ ಕತ್ತು ನೆಟ್ಟಗಾಗಿತ್ತು. ಎಲ್ಲರೂ ಇದ್ದಲ್ಲೇ ನಿಂತರು. ಒಬ್ಬನಿಗೆ ಸೀನು ಬರುವ ಹಾಗಾಗಿ ಎರಡೂ ಕೈಯಲ್ಲಿ ಮೂಗು ಹಿಡಿದುಕೊಂಡ. ಎಷ್ಟು ಹೊತ್ತಾಯಿತೋ, ಅವಳ ಕೈ ನಡುಗುತ್ತಿತ್ತು, ಆದರೂ ಇಳಿಸಲಿಲ್ಲ. ಆಮೇಲೆ ಹಕ್ಕಿ ಕತ್ತು ಬಗ್ಗಿಸಿ ಕೊಕ್ಕನ್ನು ಗರಿಯೊಳಗಿಟ್ಟಿತು. ಅವಳು ಕೈ ಇಳಿಸಿ ನನ್ನ ಕಡೆ ತಿರುಗಿ, "ಮಲಗಿತು ಟೀಚರ್" ಅಂದಳು. ನಾವು ಅಲ್ಲಿಂದ ಮುಂದೆ ಹೋಗಲಿಲ್ಲ.

ಎರಿಹೊಲ ಅವರೇ, ಮಕ್ಕಳು ನಿಮ್ಮ ಅವ್ವನಿಗೆ ಕಾಗದ ಬರೆದಿದ್ದಾರೆ. ಹೇಗೆ ಮುಟ್ಟಿಸಲಿ?

ಎರಿಹೊಲ, ಲಕ್ಷ್ಮೇಶ್ವರ ಕಡೆಯಿಂದ

ಅಕಿಗೆ ಓದಾಕ ಬರೂದಿಲ್ರಿ. ಮಕ್ಕಳನ್ನ ಕರಕೊಂಡ ಬರ್ರಿ, ಅವರ ಓದಿ ಹೇಳ್ಲಿ. ಎಂಟ ದಿನದಾಗ ಬಂದ್ರ ಕಡ್ಲಿ ಸುಲಗಾಯಿ ಇರ್ತಾವ.